ಹೂಳೆತ್ತುವ ಮುನ್ನ ಒಂದು ಕೊಳವೆ ಕೆಸರು ತೆಗೆದಿಡಿ

ಕೆ.ಆರ್.ಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿರುವ ಲಕ್ಷ್ಮೀನಾರಾಯಣ ದೇಗುಲದ ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲಿದೆ, ಕುದುರೆಗಳ ಸಾಲಿದೆ, ಅದರ ಮೇಲೆ ಸುರುಳಿ ಸುರುಳಿಯಾಗಿ ಹರಿಯುವ ಬಳ್ಳಿಯ ಪಟ್ಟಿಯಿದೆ. 13ನೇ ಶತಮಾನದ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಎಲೆಯ ನರವನ್ನೂ ಬಳ್ಳಿಯ ಬಾಗನ್ನೂ ಬಿಡಿಸಿದ ಬಗೆಯನ್ನು ನೋಡಿದವರು ಮರೆಯಲಾರರು. ಆದರೆ ಆ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ನೆಲದ ಮೇಲೆ ಗಿಡಗಳು ಬೇರು ಬಿಟ್ಟು ಇನ್ನೂ 50 ಕೋಟಿ ವರ್ಷವೂ ಆಗಿಲ್ಲ. ಹಾಗಾಗಿ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಬಂಡೆಗಳನ್ನು ಎಷ್ಟು ಒಡೆದರೂ ಅವುಗಳೊಳಗೆ ಒಂದು ಎಲೆಯ ಅಚ್ಚೂ ಸಿಗುವುದಿಲ್ಲ. ಅಲ್ಲಿರುವ ಎಲೆಗಳೆಲ್ಲ ಉಳಿಯಿಂದ ಬಂದವು.

ಹಾಗೆಂದು ಈ ನೆಲಕ್ಕೂ ಸಸ್ಯಗಳ ಪುರಾತನ ಚರಿತ್ರೆಗೂ ಸಂಬಂಧವೇ ಇಲ್ಲ ಎನ್ನಲಾಗದು. ಈಗಿನಿಂದ ಸುಮಾರು 14.5 ಕೋಟಿ ವರ್ಷ ಹಿಂದೆ ಆರಂಭವಾಗಿ 6.6 ಕೋಟಿ ವರ್ಷ ಹಿಂದೆ ಮುಗಿದ ಕ್ರಿಟೇಷಿಯಸ್ ಕಾಲದಲ್ಲಿ ಮಂಡ್ಯದ ಈ ಬಂಡೆನೆಲ ಇತ್ತು, ಅದರ ಮೇಲೆ ಕಾಡೂ ಇತ್ತು. ಭಾರತವು ಆಗ ಸಮಭಾಜಕ ವೃತ್ತದ ದಕ್ಷಿಣಕ್ಕೆ ಇದ್ದು, ಗೊಂಡ್ವಾನ ಎಂಬ ಮಹಾಖಂಡದಿಂದ ಕಳಚಿಕೊಂಡು ಉತ್ತರಕ್ಕೆ ಸರಿಯುತ್ತಿತ್ತು. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಹೊತ್ತಿನ ಲಾವಾ ಉಡುಪಿಯ ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ ಕಂಬಕಂಬವಾಗಿ ನಿಂತಿದೆ. ಅದಕ್ಕೆ ಸುಮಾರು 8.8 ಕೋಟಿ ವರ್ಷ. ಮೈಸೂರು ಸೀಮೆ ಎತ್ತರದ ನೆಲವಾಗಿದ್ದರಿಂದ ಇಲ್ಲಿ ಮಣ್ಣು ನಿಲ್ಲಲಿಲ್ಲ, ಮಳೆಗೆ ಕೊಚ್ಚಿಹೋಯಿತು. ಮಣ್ಣು ನಿಲ್ಲದ ಕಡೆ ಪಳೆಯುಳಿಕೆ ಇರುವುದಿಲ್ಲ. ಪಶ್ಚಿಮದ ಹಳೆಯ ನೆಲಗಳಿಂದ ಹೀಗೆ ಕೊಚ್ಚಿ ಬಂದ ಮಣ್ಣನ್ನು ತಮಿಳುನಾಡಿನ ಪೆರಂಬಲೂರು, ಅರಿಯಲೂರು ಕಡೆಯ ತಗ್ಗು ಹಿಡಿದಿಟ್ಟುಕೊಂಡಿತು. ಕ್ರಿಟೇಷಿಯಸ್ ಕಾಲದ ಸಮುದ್ರ ಅಲ್ಲಿಯ ತನಕ ಒಳನುಗ್ಗಿತ್ತು. ಪೆರಂಬಲೂರು ಸಮೀಪದ ಸಾತ್ತನೂರಿನಲ್ಲಿ ಕಲ್ಲಾಗಿ ಮಲಗಿರುವ ಸುಮಾರು 18 ಮೀಟರ್ ಉದ್ದದ ಮರದ ಬೊಡ್ಡೆಯನ್ನು 1940ರಲ್ಲಿ ಭೂವಿಜ್ಞಾನಿ ಎಂ.ಎಸ್. ಕೃಷ್ಣನ್ ಗುರುತಿಸಿದರು. ಅದೇ ಸೀಮೆಯ ತೆರಣಿಯ ಜೇಡಿಮಣ್ಣಿನ ಗಣಿಗಳಲ್ಲಿ ಟೈಲೋಫಿಲ್ಲಮ್ ಎಂಬ, ಈಗ ಜಗತ್ತಿನಲ್ಲಿ ಎಲ್ಲೂ ಇಲ್ಲದ ಗಿಡದ ಎಲೆಗಳು ಅಚ್ಚೊತ್ತಿದಂತೆ ಸಿಗುತ್ತವೆ.

ಕರ್ನಾಟಕದೊಳಗೇ ಕ್ರಿಟೇಷಿಯಸ್ ಬೇಕೆಂದರೆ ಉತ್ತರಕ್ಕೆ ಹೋಗಬೇಕು. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಗಳ ಎರೆಭೂಮಿಯ ಅಡಿಯಲ್ಲಿರುವ ಕಪ್ಪುಕಲ್ಲು ಡೆಕ್ಕನ್ ಲಾವಾದ್ದು. ಸುಮಾರು 6.6 ಕೋಟಿ ವರ್ಷದ ಹಿಂದೆ ಆ ಲಾವಾ ಒಮ್ಮೆಲೇ ಹರಿದು ಮುಗಿಯಲಿಲ್ಲ. ಒಂದು ಪದರ ಹರಿದು ತಣ್ಣಗಾದ ಮೇಲೆ ಸಾವಿರಾರು ವರ್ಷ ಬಿಡುವು ಸಿಗುತ್ತಿತ್ತು. ಆ ಬಿಡುವಿನಲ್ಲಿ ತಗ್ಗಿನಲ್ಲಿ ನೀರು ನಿಂತು ಕೆರೆಯಾಗುತ್ತಿತ್ತು, ದಡದಲ್ಲಿ ಗಿಡ ಬೆಳೆಯುತ್ತಿತ್ತು, ಕೆಸರು ಕೂರುತ್ತಿತ್ತು. ಮತ್ತೆ ಲಾವಾ ಬಂದು ಎಲ್ಲವನ್ನೂ ಮುಚ್ಚುತ್ತಿತ್ತು. ಎರಡು ಲಾವಾ ಪದರಗಳ ನಡುವೆ ಸಿಕ್ಕಿಕೊಂಡ ಈ ಕೆಸರಿನ ಪದರಗಳಿಗೆ ಇಂಟರ್‌ಟ್ರ್ಯಾಪಿಯನ್ ಎನ್ನುತ್ತಾರೆ. ಹಳೆಯ ಗುಲಬರ್ಗಾ ಜಿಲ್ಲೆಯ, ಈಗ ಯಾದಗಿರಿಗೆ ಸೇರಿರುವ ಗುರುಮಠಕಲ್ ಕಡೆ ಅಂಥ ಪದರಗಳಿವೆ. ಅವುಗಳಲ್ಲಿ ಆಸ್ಟ್ರಕೋಡ್ ಎಂಬ ಸಿಹಿನೀರಿನ ಪುಟ್ಟ ಜೀವಿಗಳ ಚಿಪ್ಪು ಮತ್ತು ಕಾರಾ ಜಾತಿಯ ಪಾಚಿಯ ಬೀಜಕೋಶಗಳು ದೊರೆತಿವೆ. ಅಲ್ಲಿಂದ ದೂರವೇನಿಲ್ಲದ ತೆಲಂಗಾಣದ ವಿಕಾರಾಬಾದ್ ಸಮೀಪದ ನಸ್ಕಲ್‌ನಲ್ಲಿ ಇದೇ ಬಗೆಯ ಪದರದಿಂದ 1988ರಲ್ಲಿ ಭಾರತದ ಮೊದಲ ಕ್ರಿಟೇಷಿಯಸ್ ಸಸ್ತನಿಯ ಹಲ್ಲುಗಳು ವರದಿಯಾದವು. ಆ ಪದರದ ವಯಸ್ಸನ್ನು ಗಟ್ಟಿಮಾಡಲು ಮುಂದೆ ನೆರವಾದದ್ದು ಪರಾಗ.

ಪರಾಗ ಹೇಗೆ ಇಷ್ಟು ಕಾಲ ಉಳಿಯುತ್ತದೆ? ಅದರ ಹೊರಗೋಡೆ ಸ್ಪೋರೊಪೊಲ್ಲೆನಿನ್ ಎಂಬ ವಸ್ತುವಿನದು. ಸಸ್ಯಗಳು ತಯಾರಿಸುವ ವಸ್ತುಗಳಲ್ಲಿ ಇಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ ಎಂದೇ ಹೇಳಬಹುದು. ಗಾಳಿಯಾಡದ ಕೆಸರಿನಲ್ಲಿ ಹೂತುಹೋದರೆ ಅದು ಕೊಳೆಯುವುದಿಲ್ಲ. ಪ್ರಯೋಗಾಲಯದಲ್ಲಿ ಮೊದಲು ಕಲ್ಲನ್ನು ಪುಡಿಮಾಡಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಣ್ಣದಂಶ ತೆಗೆಯುತ್ತಾರೆ. ಆಮೇಲೆ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಮರಳನ್ನೂ ಜೇಡಿಯನ್ನೂ ಕರಗಿಸುತ್ತಾರೆ. ಗಾಜನ್ನೇ ತಿನ್ನುವ ಆಮ್ಲ ಅದು; ಅದರ ಹನಿ ಚರ್ಮಕ್ಕೆ ತಾಗಿದರೆ ಒಳಗಿನ ಮೂಳೆಗೂ ಕೇಡು. ಇಷ್ಟೆಲ್ಲ ಆದ ಮೇಲೂ ಕರಗದೆ ತಳದಲ್ಲಿ ಉಳಿಯುವ ಚಿಟಿಕೆ ಮಸಿಯಂಥ ಶೇಷವನ್ನು ಸೋಸಿ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಡಿ ಎಣಿಸುತ್ತಾರೆ. ಒಂದು ಮಿಲಿಮೀಟರಿನ ನೂರನೇ ಭಾಗದಿಂದ ಹತ್ತನೇ ಭಾಗದಷ್ಟಿರುವ ಕಣಗಳು. ಒಂದಕ್ಕೆ ಒಂದೇ ಗೀರು, ಇನ್ನೊಂದಕ್ಕೆ ಮೂರು ರಂಧ್ರ, ಮತ್ತೊಂದಕ್ಕೆ ಮೈತುಂಬ ಮುಳ್ಳು. ಯಾವ ಗಿಡದ ಪರಾಗ ಎಷ್ಟಿದೆ ಎಂಬ ಲೆಕ್ಕದಿಂದ ಆ ಕೆರೆಯ ಸುತ್ತ ಏನು ಬೆಳೆದಿತ್ತು, ಮಳೆ ಹೇಗಿತ್ತು, ಸಮುದ್ರ ಹತ್ತಿರವಿತ್ತೇ ಎಂಬುದನ್ನು ಊಹಿಸುತ್ತಾರೆ. ಕಣದ ಬಣ್ಣವೂ ಸಾಕ್ಷಿ ಹೇಳುತ್ತದೆ. ಹೆಚ್ಚು ಬಿಸಿಯಲ್ಲಿ ಬೆಂದ ಪದರದ ಪರಾಗ ಹಳದಿಯಿಂದ ಕಂದಾಗಿ, ಕೊನೆಗೆ ಕಪ್ಪಾಗುತ್ತದೆ. ಕಾವೇರಿ, ಕೃಷ್ಣಾ–ಗೋದಾವರಿ ಜಲಾನಯನಗಳಲ್ಲಿ ತೈಲ ಹುಡುಕುವವರು ಈ ಬಣ್ಣವನ್ನು ನೋಡಿಯೇ ಎಣ್ಣೆ ಹುಟ್ಟುವಷ್ಟು ಶಾಖ ಸಿಕ್ಕಿತ್ತೇ ಎಂದು ಅಂದಾಜು ಮಾಡುತ್ತಾರೆ.

ಎಲೆಗಳೂ ಮಾತಾಡುತ್ತವೆ. ಮಾವು, ಹೊಂಗೆ, ಆಲ, ಅರಳಿಗಳ ಎಲೆಯ ಅಂಚು ನುಣುಪು. ಬಿಸಿ ಸೀಮೆಯ ಕಾಡುಗಳಲ್ಲಿ ಇಂಥ ನುಣುಪಂಚಿನ ಎಲೆಯ ಮರಗಳೇ ಹೆಚ್ಚು. ಚಳಿ ಪ್ರದೇಶಗಳಿಗೆ ಹೋದಂತೆ ಗರಗಸದಂಚಿನ ಎಲೆಗಳು ಹೆಚ್ಚುತ್ತವೆ. ಬೇವಿನಂಥ ಅಪವಾದ ಎಲ್ಲೆಡೆ ಇದ್ದರೂ ಒಟ್ಟು ಲೆಕ್ಕ ಮೋಸ ಮಾಡುವುದಿಲ್ಲ. 1915ರಲ್ಲೇ ಬೈಲಿ ಮತ್ತು ಸಿನ್ನಟ್ ಎಂಬ ಇಬ್ಬರು ಅಮೆರಿಕದ ಸಸ್ಯಶಾಸ್ತ್ರಜ್ಞರು ಇದನ್ನು ಎತ್ತಿ ತೋರಿಸಿದ್ದರು.

ಈ ವಿದ್ಯೆಯಲ್ಲಿ ಬೆಂಗಳೂರಿಗೆ ಹಿರಿಯ ಪಾಲಿದೆ. ಅದನ್ನು ಇಂದು ನೆನೆಯುವವರು ಕಡಿಮೆ. ಸೆಂಟ್ರಲ್ ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿದ್ದ ಎಲ್. ರಾಮರಾವ್ ಅವರು ಆಸ್ಟ್ರಿಯಾದ ಜೂಲಿಯಸ್ ಪಿಯಾ ಜೊತೆಗೂಡಿ 1936ರಲ್ಲಿ ತಿರುಚಿರಾಪಳ್ಳಿ ಸೀಮೆಯ ನಿನಿಯೂರು ಪದರಗಳ ಪಳೆಯುಳಿಕೆ ಪಾಚಿಗಳನ್ನು ಕುರಿತು ಬರೆದರು. ಅದೇ ವಿಭಾಗದ ಎಸ್.ಆರ್. ನಾರಾಯಣರಾವ್, ಕೆ. ಶ್ರೀಪಾದರಾವ್ ಅವರು ರಾಜಮಹೇಂದ್ರಿ ಸಮೀಪದ ಲಾವಾ ನಡುಪದರಗಳಿಂದ ಫೊರಾಮಿನಿಫೆರಾ ಎಂಬ ಚಿಪ್ಪಿನ ಸೂಕ್ಷ್ಮಜೀವಿಗಳನ್ನೂ ಕಾರಾ ಪಾಚಿಯನ್ನೂ ಹೊರತೆಗೆದರು. ಡೆಕ್ಕನ್ ಲಾವಾ ಹರಿದದ್ದು ಕ್ರಿಟೇಷಿಯಸ್‌ನಲ್ಲೋ, ಆಮೇಲೋ ಎಂಬುದು ಆಗಿನ ದೊಡ್ಡ ವಾದ. ಲಖನೌದ ಬೀರಬಲ್ ಸಾಹ್ನಿ ಅವರು ತಾಳೆ ಜಾತಿಯ ಕಲ್ಲುಮರಗಳನ್ನೂ ಹಣ್ಣುಗಳನ್ನೂ ಮುಂದಿಟ್ಟು, ಇದು ಕ್ರಿಟೇಷಿಯಸ್ ಮುಗಿದ ಮೇಲಿನ ಕಾಲದ್ದು ಎಂದರು. ಬೆಂಗಳೂರಿನವರ ರಾಜಮಹೇಂದ್ರಿ ಪುರಾವೆ ಸಾಹ್ನಿಯವರ ಕೈ ಬಲಪಡಿಸಿತು. ಮುಂದೆ ವಿಕಿರಣ ಮಾಪನ, ಡೈನೋಸಾರ್ ಪಳೆಯುಳಿಕೆ, ಜೊತೆಗೆ ಜಬಲ್‌ಪುರದ ಬಳಿಯ ಪಡವಾರ್ ಪದರದಲ್ಲಿ ಸಿಕ್ಕ ಅಕ್ವಿಲಾಪೊಲೆನೈಟೀಸ್ ಎಂಬ ರೆಕ್ಕೆಮೂಡಿದಂತಿರುವ ಪರಾಗ ಬೇರೆಯೇ ಕಥೆ ಹೇಳಿದವು. ಆ ಪರಾಗ ಕ್ರಿಟೇಷಿಯಸ್‌ನ ಕೊನೆಗಾಲದ ಗುರುತು. ಲಾವಾ ಕ್ರಿಟೇಷಿಯಸ್‌ನ ಅಂಚಿನಲ್ಲಿ ಶುರುವಾಗಿ ಗಡಿ ದಾಟಿ ಮುಂದುವರಿಯಿತು ಎಂಬುದು ಈಗ ಒಪ್ಪಿತ ಮಾತು. ಸಾಹ್ನಿ ಸೋತರು ಎಂದು ಇದನ್ನು ಓದಬಾರದು. ರಾಜಮಹೇಂದ್ರಿಯ ಪದರ ನಿಜಕ್ಕೂ ಗಡಿಯಾಚೆಯದೇ. ವಾದ ಮಾಡಲು ಪದರ ಉಳಿದಿತ್ತು, ಮಾದರಿ ಕಪಾಟಿನಲ್ಲಿತ್ತು. ಹಾಗಾಗಿ ಮುಂದಿನ ತಲೆಮಾರು ತಿದ್ದಲು ಸಾಧ್ಯವಾಯಿತು.

1949ರ ಏಪ್ರಿಲ್ 3ರಂದು ಜವಾಹರಲಾಲ್ ನೆಹರು ಅವರು ಲಖನೌದಲ್ಲಿ ಸಾಹ್ನಿಯವರು ಸ್ಥಾಪಿಸಿದ ಸಂಸ್ಥೆಯ ಕಟ್ಟಡಕ್ಕೆ ಅಡಿಗಲ್ಲಿಟ್ಟರು. ಆ ಅಡಿಗಲ್ಲಿನ ಮೈಯಲ್ಲೇ ಪಳೆಯುಳಿಕೆಗಳನ್ನು ಕೂರಿಸಲಾಗಿತ್ತು. ಒಂದು ವಾರದಲ್ಲಿ ಸಾಹ್ನಿ ತೀರಿಕೊಂಡರು. ಪತ್ನಿ ಸಾವಿತ್ರಿ ಸಾಹ್ನಿ ಕೆಲಸ ನಿಲ್ಲಲು ಬಿಡಲಿಲ್ಲ. ಇಂದು ಬೀರಬಲ್ ಸಾಹ್ನಿ ಪುರಾವಿಜ್ಞಾನ ಸಂಸ್ಥೆ ಎನಿಸಿಕೊಂಡಿರುವುದು ಅದೇ.

ಲಾವಾ ನಡುವಿನ ಆ ಕೆರೆಗಳ ಚಿತ್ರ ಹೇಗೆ ಮೂಡುತ್ತದೆ ಎಂಬುದಕ್ಕೆ ಮಂಡ್ಯದ ಹೈನುಗಾರರಿಗೆ ಗೊತ್ತಿರುವ ಗಿಡದಿಂದಲೇ ಶುರುಮಾಡಬಹುದು. ಹಸುವಿಗೆ ಹಾಕಲೆಂದು ಟಾರ್ಪಾಲಿನ ತೊಟ್ಟಿಯಲ್ಲಿ ಬೆಳೆಸುವ ಅಜೋಲಾ ನೀರಿನ ಮೇಲೆ ತೇಲುವ ಪುಟ್ಟ ಜರೀಗಿಡ. ಗದ್ದೆಗೂ ಅದು ಸಾರಜನಕದ ಗೊಬ್ಬರ. ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯ ಸೌಸರ್ ಸುತ್ತಲಿನ ಗಟ್ಟಿ ಕಲ್ಲುಗಳಲ್ಲಿ ಅಜೋಲಾದ ಪಳೆಯುಳಿಕೆಯನ್ನು ಸಾಹ್ನಿ ಮತ್ತು ಎಚ್.ಎಸ್. ರಾವ್ ವಿವರಿಸಿದರು. ಅಜೋಲಾ ರಭಸದ ಹೊಳೆಯಲ್ಲಿ ನಿಲ್ಲದು, ಉಪ್ಪುನೀರಿನಲ್ಲಿ ಬಾಳದು. ಅದು ಸಿಕ್ಕಿತೆಂದರೆ ಅಲ್ಲಿ ನಿಂತ ಸಿಹಿನೀರಿತ್ತು ಎಂದು ಖಾತ್ರಿಯಾಗಿ ಹೇಳಬಹುದು. ಅದೇ ಜಿಲ್ಲೆಯ ಮೋಹಗಾಂವ್ ಕಲಾನ್‌ನಲ್ಲಿ ನೀಪಾ ಎಂಬ ತಾಳೆಯ ಹಣ್ಣುಗಳು ಸಿಕ್ಕಿವೆ. ನೀಪಾ ಇಂದು ಸುಂದರಬನ, ಅಂಡಮಾನ್‌ಗಳ ಉಪ್ಪುಮಿಶ್ರಿತ ಕೆಸರಿನಲ್ಲಿ ಬೆಳೆಯುವ ಗಿಡ. ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗಿರುವ ಛಿಂದವಾಡಾಕ್ಕೆ ಅದು ಹೇಗೆ ಬಂತು? ಸಮುದ್ರದ ಒಂದು ಚಾಚು ಆ ಕಡೆಗೆ ಬಂದಿರಬೇಕು ಎಂಬ ಊಹೆಗೆ ಈ ಹಣ್ಣೇ ಆಧಾರ. ಅಲ್ಲೇ ಸಮೀಪದ ಝಿಲ್‌ಮಿಲಿಯಲ್ಲಿ ಸಮುದ್ರವಾಸಿ ಫೊರಾಮಿನಿಫೆರಾಗಳು ದೊರೆತದ್ದು 2009ರಲ್ಲಿ ಪ್ರಕಟವಾದ ಮೇಲೆ ಊಹೆಗೆ ಬಲ ಬಂತು. ಒಂದು ಹಣ್ಣು ಹೇಳಿದ್ದನ್ನು ಕಣ್ಣಿಗೆ ಕಾಣದ ಚಿಪ್ಪು ದೃಢಪಡಿಸಿತು.

ಇನ್ನು ಹುಲ್ಲಿನ ವಿಷಯ. ಕಬ್ಬಿನ ಗದ್ದೆಗೆ ಇಳಿದವರಿಗೆ ಸೋಗೆಯ ಅಂಚು ಮೊಣಕೈಯನ್ನು ಹೇಗೆ ಗೀರುತ್ತದೆ ಎಂಬುದು ಗೊತ್ತು. ಭತ್ತದ ಗರಿಯೂ ಹಾಗೆಯೇ. ಹುಲ್ಲಿನ ಕುಲದ ಗಿಡಗಳು ಮಣ್ಣಿನಿಂದ ಸಿಲಿಕಾವನ್ನು ಹೀರಿ ಎಲೆಯ ಜೀವಕೋಶಗಳಲ್ಲಿ ಗಾಜಿನಂಥ ಕಣಗಳಾಗಿ ತುಂಬಿಕೊಳ್ಳುತ್ತವೆ. ಈ ಕಣಗಳಿಗೆ ಫೈಟೊಲಿತ್ ಎಂದು ಹೆಸರು. ಗಿಡ ಕೊಳೆತರೂ ಅವು ಕೊಳೆಯವು. ಹುಲ್ಲುಗಳ ಪರಾಗ ನೋಡಲು ಬಹುಮಟ್ಟಿಗೆ ಒಂದೇ ಥರ, ದುಂಡಗೆ, ಒಂದೇ ರಂಧ್ರದ್ದು. ಯಾವ ಹುಲ್ಲು ಎಂದು ಹೇಳಲು ಫೈಟೊಲಿತ್ತೇ ಬೇಕು. ಆದರೆ ಪರಾಗ ತೆಗೆಯಲು ಬಳಸುವ ಹೈಡ್ರೋಫ್ಲೋರಿಕ್ ಆಮ್ಲ ಫೈಟೊಲಿತ್ತನ್ನೂ ಕರಗಿಸಿಬಿಡುತ್ತದೆ; ಹಾಗಾಗಿ ಅದನ್ನು ಹುಡುಕುವವರು ಮಾದರಿಯನ್ನು ಬೇರೆಯೇ ಹದದಲ್ಲಿ ತೊಳೆಯಬೇಕು.

ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ದುರಾದಲ್ಲಿ ಕಲ್ಲಾದ ಡೈನೋಸಾರ್ ಲದ್ದಿ ಸಿಗುತ್ತದೆ. ವಂದನಾ ಪ್ರಸಾದ್, ಕ್ಯಾರೊಲಿನ್ ಸ್ಟ್ರೋಂಬರ್ಗ್, ಹಬೀಬ್ ಅಲಿಮೊಹಮ್ಮದಿಯನ್, ಅಶೋಕ್ ಸಾಹ್ನಿ ಅವರು ಅದರೊಳಗೆ ಹುಲ್ಲಿನ ಫೈಟೊಲಿತ್ ಇರುವುದನ್ನು ಕಂಡು 2005ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಶೋಕ್ ಅವರು ಬೀರಬಲ್ ಸಾಹ್ನಿಯವರ ತಮ್ಮನ ಮಗ. ಅದುವರೆಗೆ ಪಠ್ಯಗಳಲ್ಲಿ ಡೈನೋಸಾರ್‌ಗಳ ಕಾಲಕ್ಕೆ ಹುಲ್ಲೇ ಹುಟ್ಟಿರಲಿಲ್ಲ ಎಂದಿತ್ತು. ಆ ಲದ್ದಿಯಲ್ಲಿ ಕನಿಷ್ಠ ಐದು ಬಗೆಯ ಹುಲ್ಲಿನ ಗುರುತಿತ್ತು. 2011ರಲ್ಲಿ ವಂದನಾ ಪ್ರಸಾದ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋಗಿ, ಅವುಗಳಲ್ಲಿ ಕೆಲವು ಭತ್ತದ ಬಳಗಕ್ಕೆ ಸೇರಿದವು ಎಂದು ತೋರಿಸಿದರು. ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಪಾಂಡವಪುರ, ಶ್ರೀರಂಗಪಟ್ಟಣದ ರೈತರು ಕೇಳಲೇಬೇಕಾದ ಸುದ್ದಿ ಇದು. ಅದು ನಾವು ಉಣ್ಣುವ ಭತ್ತವೇ ಎಂದು ತಿಳಿಯಬಾರದು. ಮನುಷ್ಯ ಭತ್ತವನ್ನು ಬೇಸಾಯಕ್ಕೆ ಒಗ್ಗಿಸಿದ್ದು ಹತ್ತು ಸಾವಿರ ವರ್ಷದ ಈಚೆಗೆ. ಆದರೆ ಭತ್ತದ ಹಿರೀಕರು ಭಾರತದ ನೆಲದಲ್ಲಿ ಆರೂವರೆ ಕೋಟಿ ವರ್ಷದ ಹಿಂದೆಯೇ ಇದ್ದರು, ದೈತ್ಯ ಪ್ರಾಣಿಗಳು ಅವರನ್ನು ಮೇದಿದ್ದವು.

ಮರಗಳ ಪ್ರಯಾಣದ ಕಥೆಯೂ ಪರಾಗದಿಂದಲೇ ಹೊರಬಿದ್ದಿದೆ. ಕೊಡಗು, ದಕ್ಷಿಣ ಕನ್ನಡದ ಧೂಪದ ಮರ, ಬೋಗಿ ಮರ, ಉತ್ತರದ ಸಾಲ ವೃಕ್ಷ ಇವೆಲ್ಲ ಡಿಪ್ಟೆರೊಕಾರ್ಪ್ ಕುಲದವು. ಇಂದು ಬೋರ್ನಿಯೊ, ಮಲೇಷ್ಯಾಗಳ ಮಳೆಕಾಡನ್ನು ಆಳುತ್ತಿರುವುದು ಇದೇ ಕುಲ. ಹಾಗಾಗಿ ಅದು ಅಲ್ಲಿಂದಲೇ ಇಲ್ಲಿಗೆ ಬಂದಿರಬೇಕೆಂದು ಬಹಳ ಮಂದಿ ನಂಬಿದ್ದರು. 2022ರಲ್ಲಿ ಮಹಿ ಬನ್ಸಲ್, ರಾಬರ್ಟ್ ಮಾರ್ಲಿ, ವಂದನಾ ಪ್ರಸಾದ್ ಮತ್ತಿತರರು ಸೈನ್ಸ್‌ನಲ್ಲಿ ಪ್ರಕಟಿಸಿದ ಅಧ್ಯಯನ ಭಾರತ ಮತ್ತು ಸುಡಾನಿನ ಕ್ರಿಟೇಷಿಯಸ್ ಕೊನೆಗಾಲದ ಪದರಗಳಲ್ಲಿ ಈ ಕುಲದ ಪರಾಗವನ್ನು ತೋರಿಸಿತು. ಕುಲ ಆಫ್ರಿಕದಿಂದ ಭಾರತಕ್ಕೆ ಬಂದು, ಭಾರತ ಏಷ್ಯಾಕ್ಕೆ ಬಡಿದ ಮೇಲೆ ಆಗ್ನೇಯಕ್ಕೆ ಹರಡಿತು ಎಂಬುದು ಅದರ ನಿಲುವು. ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿ ಪಶ್ಚಿಮಘಟ್ಟದ ಕಾಡನ್ನು ಅಭ್ಯಸಿಸಿದ ಬಿ.ಆರ್. ರಮೇಶ್ ಅವರೂ ಲೇಖಕರಲ್ಲೊಬ್ಬರು. ಇಂದಿನ ಕಾಡು ಬಲ್ಲವರೂ ಕಲ್ಲಿನ ಪರಾಗ ಬಲ್ಲವರೂ ಒಂದೇ ಮೇಜಿಗೆ ಬಂದದ್ದರಿಂದ ಆದ ಕೆಲಸ ಇದು.

ಈ ವಿದ್ಯೆಗೆ ಮಿತಿಗಳಿವೆ, ಅವನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಗಾಳಿಗೆ ಪರಾಗ ತೂರುವ ಗಿಡ ಲೆಕ್ಕದಲ್ಲಿ ಹೆಚ್ಚಾಗಿ ಕಾಣುತ್ತದೆ. ಜೇನು, ದುಂಬಿಗಳನ್ನು ನೆಚ್ಚಿದ ಗಿಡ ಕಾಣದೇ ಹೋಗಬಹುದು. ಬೇರೆಬೇರೆ ಗಿಡಗಳ ಪರಾಗ ಒಂದೇ ಥರ ಕಾಣುವುದು ಇನ್ನೊಂದು ತೊಡಕು. ಮೇಲುಕೋಟೆಯ ವನ್ಯಧಾಮದ ಸೈಕಸ್ ಗಿಡಗಳನ್ನೇ ನೋಡಿ. ತೋಳಗಳ ರಕ್ಷಣೆಗೆಂದು 1974ರಲ್ಲಿ ಘೋಷಣೆಯಾದ ಆ ಕುರುಚಲು ಕಾಡಿನಲ್ಲಿ ಈಚಲನ್ನು ಹೋಲುವ, ಆದರೆ ಈಚಲಿಗೆ ನಂಟೇ ಇಲ್ಲದ ಸೈಕಸ್ ನಿಂತಿದೆ. ಅದು ಸೇರಿರುವ ಸೈಕಡ್ ಕುಲ ಡೈನೋಸಾರ್‌ಗಳಿಗಿಂತ ಹಳೆಯದು. ಅದರ ಪರಾಗಕ್ಕೂ, ಗಿಂಕ್ಗೊ ಪರಾಗಕ್ಕೂ, ನಾಶವಾದ ಟೈಲೋಫಿಲ್ಲಮ್ ಬಳಗದ ಪರಾಗಕ್ಕೂ ಹೊರನೋಟದಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ: ಉದ್ದನೆಯ ಕಣ, ನಡುವೆ ಒಂದು ಗೀರು. ಎಲೆಯ ಸಿಪ್ಪೆಯಲ್ಲಿ ಪತ್ರರಂಧ್ರಗಳು ಕೂತ ಬಗೆಯನ್ನು ನೋಡಿದರೆ ಮಾತ್ರ ಯಾವುದು ಯಾವುದೆಂದು ಬಿಡಿಸಬಹುದು. ಮೇಲುಕೋಟೆಯ ಸೈಕಸ್ಸನ್ನು ಜೀವಂತ ಪಳೆಯುಳಿಕೆ ಎಂದು ಕರೆಯುವ ರೂಢಿಯನ್ನೂ ಬಿಡಬೇಕು. ಕುಲ ಹಳೆಯದಾದರೂ ಇಂದು ಬದುಕಿರುವ ಸೈಕಡ್ ಜಾತಿಗಳಲ್ಲಿ ಬಹುಪಾಲು ಕಳೆದ ಸುಮಾರು 1.2 ಕೋಟಿ ವರ್ಷಗಳಲ್ಲಿ ಕವಲೊಡೆದವು ಎಂದು 2011ರ ಅಧ್ಯಯನವೊಂದು ತೋರಿಸಿದೆ.

ಕ್ರಿಟೇಷಿಯಸ್ ಮುಗಿದ ಬಗೆಯನ್ನು ಹೇಳಿದ್ದೂ ಸಸ್ಯಗಳೇ. 1981ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ, ಉಲ್ಕೆಯ ಗುರುತಾದ ಇರಿಡಿಯಂ ಇರುವ ಮಟ್ಟದಲ್ಲೇ ಹೂಗಿಡಗಳ ಪರಾಗ ಇದ್ದಕ್ಕಿದ್ದಂತೆ ಕುಸಿದು, ಜರೀಗಿಡಗಳ ಬೀಜಾಣು ಏಕಾಏಕಿ ಏರಿರುವುದು ಕಂಡಿತು. ಕಾಡು ಸುಟ್ಟು ಬರಿದಾದ ನೆಲಕ್ಕೆ ಮೊದಲು ಕಾಲಿಡುವುದು ಜರೀಗಿಡ. ಮಧ್ಯಭಾರತದ ಲಾವಾ ಪದರಗಳಲ್ಲಿ ನಾಗಪುರದ ಬಂದನಾ ಸಾಮಂತ್ ಮತ್ತು ಡಿ.ಎಂ. ಮೊಹಬೆ ಅವರು ನಡೆಸಿದ ಪರಾಗ ಅಧ್ಯಯನವು ಲಾವಾ ಹರಿಯತೊಡಗಿದ ಮೇಲೆ ಸೂಚಿಪರ್ಣಿಗಳಂಥ ಹಳೆಯ ಬಳಗ ಹಿಂಜರಿದು, ಹೂಗಿಡ ಮತ್ತು ಜರೀಗಿಡಗಳು ಮುಂದೆ ಬಂದದ್ದನ್ನು ಗುರುತಿಸಿತು. ಅದು ಪ್ರಕಟವಾದದ್ದು 2009ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಲಾವಾ ಉಕ್ಕಿದಾಗ ಆದಂತೆ ಗಾಳಿಗೆ ಇಂಗಾಲದ ಡೈ ಆಕ್ಸೈಡ್ ಸೇರಿದಾಗ ಭಾರತದ ಕಾಡು ಹೇಗೆ ಬದಲಾಗುತ್ತದೆ ಎಂಬ ಇಂದಿನ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಹಳೆಯ ಉದಾಹರಣೆ ಸಿಗುವುದು ಕಷ್ಟ.

ಇಷ್ಟು ಬೆಲೆಯುಳ್ಳ ಪದರಗಳನ್ನು ಕರ್ನಾಟಕ ಹೇಗೆ ನೋಡಿಕೊಳ್ಳುತ್ತಿದೆ? ರಾಜ್ಯದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಗುರುತಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು ನಾಲ್ಕು: ಲಾಲ್‌ಬಾಗ್ ಬಂಡೆ, ಸೇಂಟ್ ಮೇರಿಸ್ ದ್ವೀಪದ ಲಾವಾ ಕಂಬಗಳು, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರ ಚಿನ್ನದ ಗಣಿಯ ಜ್ವಾಲಾಮುಖಿ ಶಿಲೆ. ನಾಲ್ಕೂ ಅಮೂಲ್ಯ, ಆದರೆ ನಾಲ್ಕರಲ್ಲೂ ಪಳೆಯುಳಿಕೆ ಇಲ್ಲ. ಲಾವಾ ನಡುವಿನ ಕೆಸರಿನ ಪದರ ಎಷ್ಟೋ ಕಡೆ ಆಳೆತ್ತರವೂ ಇರದು. ಬಾವಿ ತೋಡುವಾಗ, ರಸ್ತೆ ಅಗಲ ಮಾಡುವಾಗ, ಕ್ವಾರಿಯಲ್ಲಿ ಕಲ್ಲೆತ್ತುವಾಗ ಕಣ್ಣಿಗೆ ಬೀಳುತ್ತದೆ, ಅದೇ ಕೆಲಸದಲ್ಲಿ ಮಾಯವೂ ಆಗುತ್ತದೆ. ಭೂಪರಂಪರೆಯ ತಾಣಗಳನ್ನು ಕಾಯುವ ಮಸೂದೆಯೊಂದರ ಕರಡನ್ನು ಕೇಂದ್ರದ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಜನರ ಮುಂದಿಟ್ಟಿತ್ತು. ಕೇಂದ್ರವನ್ನೇ ಕಾಯುತ್ತ ಕೂರಬೇಕಿಲ್ಲ. ಗುರುಮಠಕಲ್ ಸುತ್ತಲಿನ ಪದರಗಳನ್ನು ಜಿಲ್ಲಾಡಳಿತ ನಕ್ಷೆಯಲ್ಲಿ ಗುರುತಿಸಿ, ಕ್ವಾರಿ ಪರವಾನಗಿ ಕೊಡುವ ಮುನ್ನ ಭೂವಿಜ್ಞಾನಿಯೊಬ್ಬರ ಅಭಿಪ್ರಾಯ ಪಡೆಯುವ ಕ್ರಮವನ್ನು ರಾಜ್ಯವೇ ತರಬಹುದು.

ಮಂಡ್ಯ ಜಿಲ್ಲೆಯ ಪಾಲಿನ ಕೆಲಸ ಬೇರೆ. ಇಲ್ಲಿ ಕ್ರಿಟೇಷಿಯಸ್ ಕೆರೆಗಳಿಲ್ಲ, ಹೊಯ್ಸಳರ ಕಾಲದ ಕೆರೆಗಳಿವೆ. ತಳದ ಕೆಸರನ್ನು ಓದುವ ವಿಧಾನ ಎರಡಕ್ಕೂ ಒಂದೇ. ಕಾರವಾರದ ಆಚೆಗಿನ ಸಮುದ್ರತಳದ ಮಣ್ಣಿನ ಪರಾಗ ನೋಡಿ, ಸುಮಾರು 3500 ವರ್ಷದಿಂದ ಈಚೆಗೆ ಘಟ್ಟದ ತೇವ ಕಡಿಮೆಯಾಯಿತೆಂದು ಕಾರಾಟಿನಿ ಮತ್ತು ಸಂಗಡಿಗರು 1994ರಲ್ಲಿ ತೋರಿಸಿದರು. ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆಯ ಹೂಳಿನ ಕಾಂತಗುಣವನ್ನು ಅಳೆದು ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 3700 ವರ್ಷಗಳ ಮಳೆಯ ಏರಿಳಿತವನ್ನು ಕಟ್ಟಿಕೊಟ್ಟರು. ಪಾಂಡವಪುರದ ತೊಣ್ಣೂರು ಕೆರೆ, ರಾಮಾನುಜರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಆ ಆಳದ ನೀರು, ಇಂಥ ಓದಿಗೆ ಹೇಳಿಮಾಡಿಸಿದಂತಿದೆ.

ಓದಬೇಕಾದ ಪ್ರಶ್ನೆಯೂ ಸಿದ್ಧವಾಗಿದೆ. ಸೋಮನಾಥಪುರ ಮೊದಲಾದ ಹೊಯ್ಸಳ ದೇಗುಲಗಳ ಮೂರ್ತಿಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆ, ಆದ್ದರಿಂದ ಕೊಲಂಬಸ್‌ಗೂ ಮುನ್ನವೇ ಜೋಳ ಅಮೆರಿಕದಿಂದ ಇಲ್ಲಿಗೆ ಬಂದಿತ್ತು ಎಂದು ಜೊಹಾನೆಸೆನ್ ಮತ್ತು ಪಾರ್ಕರ್ 1989ರಲ್ಲಿ ವಾದಿಸಿದರು. ಪಾಯಕ್ ಮತ್ತು ಸಚಾನ್ 1993ರಲ್ಲಿ ಅದನ್ನು ಖಂಡಿಸಿದರು. ವಾದ ಹೆಚ್ಚಾಗಿ ಶಿಲ್ಪದ ಆಕಾರದ ಮೇಲೆ ನಡೆದಿದೆ. ಕಲ್ಲಿನ ತೆನೆಯ ಕಾಳು ಎಣಿಸಿ ತೀರುವ ವಾದ ಇದಲ್ಲ. ಮುಸುಕಿನ ಜೋಳದ ಪರಾಗ ಉಳಿದ ಹುಲ್ಲುಗಳ ಪರಾಗಕ್ಕಿಂತ ಬಹಳ ದಪ್ಪ. ಭಾರವಾದ್ದರಿಂದ ಹೊಲದ ಹತ್ತಿರವೇ ಬೀಳುತ್ತದೆ. 13ನೇ ಶತಮಾನದ ಕೆರೆಮಣ್ಣಿನಲ್ಲಿ ಅದು ಸಿಕ್ಕರೆ ಚರಿತ್ರೆಯ ಪುಸ್ತಕ ತಿದ್ದಬೇಕಾಗುತ್ತದೆ. ಹೊಲದಂಚಿನ ಹಲವು ಕೆರೆಗಳಲ್ಲಿ ಹುಡುಕಿಯೂ ಸಿಗದಿದ್ದರೆ ಜೋಳದ ವಾದಕ್ಕೆ ದೊಡ್ಡ ಪೆಟ್ಟು. ಬಹುಶಃ ಸಿಗುವುದಿಲ್ಲ. ಆದರೂ ನೋಡಿ ಹೇಳುವುದಕ್ಕೂ ನೋಡದೆ ಹೇಳುವುದಕ್ಕೂ ಅಂತರವಿದೆ.

ಹೂಳೆತ್ತಬಾರದು ಎಂದು ಯಾರೂ ಹೇಳಲಾರರು. ಕೆರೆಯಲ್ಲಿ ನೀರು ನಿಲ್ಲಬೇಕು, ಗೋಡುಮಣ್ಣು ಹೊಲಕ್ಕೆ ಬೀಳಬೇಕು; ತಲೆತಲಾಂತರದಿಂದ ಬಂದ ವಿವೇಕ ಅದು. ಆದರೆ ಮೊದಲು ಎತ್ತು, ಗುದ್ದಲಿಯಿಂದ ಮೇಲಿನ ಒಂದಡಿ ತೆಗೆಯುತ್ತಿದ್ದರು. ಈಗ ಜೆಸಿಬಿ, ಹಿಟಾಚಿಗಳು ಇಳಿದು ನಾಲ್ಕು ದಿನದಲ್ಲಿ ತಳದ ಗಟ್ಟಿನೆಲದ ತನಕ ಬಗೆಯುತ್ತವೆ. ಎಂಟುನೂರು ವರ್ಷದ ಪದರ ಟಿಪ್ಪರಿನಲ್ಲಿ ಕಲಸಿಹೋಗುತ್ತದೆ. ಒಮ್ಮೆ ಕಲಸಿದ ಮಣ್ಣಿನಿಂದ ಕಾಲಕ್ರಮ ಓದಲಾಗದು. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುವ ಕೆರೆಗಳಲ್ಲಿ ಪರಾಗ ಹಾಳಾಗಿರುತ್ತದೆ ಎಂಬ ಆಕ್ಷೇಪ ನಿಜ. ಅಂಥ ಕಡೆಯೂ ಫೈಟೊಲಿತ್ ಉಳಿದಿರುತ್ತದೆ, ಮತ್ತು ಯಾವಾಗಲೂ ನೀರಿರುವ ಆಳದ ಕೆರೆಗಳನ್ನು ಆರಿಸಿಕೊಳ್ಳಬಹುದು.

ಸಣ್ಣ ನೀರಾವರಿ ಇಲಾಖೆ ಮತ್ತು ಮಂಡ್ಯ ಜಿಲ್ಲಾ ಪಂಚಾಯಿತಿ ಮಾಡಬೇಕಾದದ್ದು ಇಷ್ಟೇ. ಹಳೆಯ ಕೆರೆಗಳ ಹೂಳೆತ್ತುವ ಅಂದಾಜುಪಟ್ಟಿಯಲ್ಲಿ ಒಂದು ಸಾಲು ಸೇರಿಸಲಿ: ಯಂತ್ರ ಇಳಿಯುವ ಮುನ್ನ ಕೆರೆಯ ಅತಿ ಆಳದ ಜಾಗದಲ್ಲಿ ತಳದ ತನಕ ಒಂದು ಕೊಳವೆ ಹೊಡೆದು, ಪದರ ಕದಡದಂತೆ ಕೆಸರನ್ನು ಮೇಲೆತ್ತಿ, ಎರಡೂ ತುದಿ ಮುಚ್ಚಿ, ಕೆರೆಯ ಹೆಸರು, ತಾರೀಖು, ಮೇಲ್ತುದಿ ಯಾವುದೆಂಬ ಗುರುತು ಬರೆಯುವುದು. ಮೈಸೂರಿನ ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗ ಅದನ್ನು ತಂಪಾದ ಕೋಣೆಯಲ್ಲಿ ಇಟ್ಟುಕೊಳ್ಳಲಿ. ಟಿಪ್ಪರ್ ಬಾಡಿಗೆಯ ಮುಂದೆ ಇದರ ಖರ್ಚು ಏನೂ ಅಲ್ಲ. ಇಂದೇ ಓದುವವರು ಇಲ್ಲದಿದ್ದರೂ ಚಿಂತೆಯಿಲ್ಲ. ಪಿಸ್ದುರಾದ ಲದ್ದಿಕಲ್ಲುಗಳು ಭೂವಿಜ್ಞಾನಿಗಳಿಗೆ ಬಹುಕಾಲದಿಂದ ಗೊತ್ತಿದ್ದವು. ಅವುಗಳೊಳಗಿನ ಹುಲ್ಲು ಕಂಡದ್ದು 2005ರಲ್ಲಿ. ಬರುವ ಬೇಸಿಗೆಯ ಹೂಳೆತ್ತುವ ಕೆಲಸದ ಟೆಂಡರ್ ಕರೆಯುವ ಮೊದಲು ಆ ಒಂದು ಸಾಲು ಸೇರಬೇಕು. ಊರಿನ ಕೆರೆಗೆ ಯಂತ್ರ ಇಳಿಯುವ ಸುದ್ದಿ ತಿಳಿದವರು ಪಂಚಾಯಿತಿ ಸಭೆಯಲ್ಲಿ ಎದ್ದುನಿಂತು ಇದನ್ನು ಕೇಳಲಿ.